ಹಾರ್ವರ್ಡ್‌ಗೆ ಕಟಾಫ್ ಎಷ್ಟು ಮೇಡಂ?

ಹೋದ ಸಂಚಿಕೆಯಲ್ಲಿ ಇನ್ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪಿಯುಸಿ ಮುಗಿಸಿ ಪೂರ್ತಿ ಸಹಾಯಧನದಲ್ಲಿ ಅಮೆರಿಕಕ್ಕೆ ಓದಲು ಹೋದಳು ಎಂದು ಒಂದೇ ಒಂದು ಸಾಲು ಹಾಕಿದ್ದೆ. ಅಷ್ಟಕ್ಕೇ ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಅದರದ್ದೇ. ಪಿಂಚಣಿ, ಮಂಡಿನೋವು, ಸೊಸೆಯ ಮೇಲಿನ ದೂರು ಎಲ್ಲ ಮುಂದಿನ ತಿಂಗಳಿಗೆ ಇರಲಿ.

ಮೊದಲೇ ಹೇಳಿಬಿಡುತ್ತೇನೆ. ನಾನು ಶಿರಸಿಯಲ್ಲಿ 31 ವರ್ಷ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಟ್ಟವಳು. ಅಮೆರಿಕ ನೋಡಿದವಳಲ್ಲ. ಆದರೆ ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ ಏಳು ಮಕ್ಕಳ ಪಕ್ಕದಲ್ಲಿ ಕೂತು ಫಾರಂ ತುಂಬಿಸಿದ್ದೇನೆ. ಇಬ್ಬರಿಗೆ ಸಿಕ್ಕಿತು, ಐವರಿಗೆ ಸಿಗಲಿಲ್ಲ. ಈ ಲೆಕ್ಕ ನೆನಪಿಟ್ಟುಕೊಂಡು ಮುಂದೆ ಓದಿ.

ನಾನು ಪ್ರಥಮ ಪಿಯುಸಿ ಸೈನ್ಸ್. ಎಸ್ಸೆಸ್ಸೆಲ್ಸಿಯಲ್ಲಿ 96 ಪರ್ಸೆಂಟ್. ಹಾರ್ವರ್ಡ್‌ಗೆ ಕಟಾಫ್ ಎಷ್ಟು ಮೇಡಂ? ಅಮೆರಿಕದ ಎಂಐಟಿಯ ಎಂಟ್ರೆನ್ಸ್ ಯಾವ ತಿಂಗಳು?
— ವಿದ್ಯಾರ್ಥಿ, ಕಾರವಾರ

ಕಟಾಫ್ ಇಲ್ಲ ಮಾರಾಯ. ಎಂಟ್ರೆನ್ಸೂ ಇಲ್ಲ. ಸಿಇಟಿ, ಜೆಇಇ ನೋಡಿ ಬೆಳೆದ ನಮಗೆ ಇದನ್ನು ನಂಬುವುದೇ ಕಷ್ಟ. ರ‍್ಯಾಂಕ್ ಬಂದರೆ ಸೀಟು ನಮ್ಮದು, ಯಾರಪ್ಪನೂ ತಪ್ಪಿಸಲಾರ ಎನ್ನುವ ಧೈರ್ಯ ನಮಗಿರುತ್ತದಲ್ಲ, ಅದು ಅಲ್ಲಿ ನಡೆಯುವುದಿಲ್ಲ.

ಎಸ್‌ಎಟಿ ಎಂಬ ಪರೀಕ್ಷೆ ಇದೆ, ನಿಜ. 1600 ಅಂಕ, 2 ಗಂಟೆ 14 ನಿಮಿಷ, ಲ್ಯಾಪ್‌ಟಾಪಿನಲ್ಲಿ ಬರೆಯಬೇಕು. ಕೊರೊನಾ ಕಾಲದಲ್ಲಿ ಕಡ್ಡಾಯವಲ್ಲ ಅಂದಿದ್ದರು. ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಹಾರ್ವರ್ಡ್, ಡಾರ್ಟ್‌ಮತ್, ಬ್ರೌನ್ ಕೂಡ ಅದೇ ದಾರಿ ಹಿಡಿದವು. ನಿನ್ನ ಪಿಯುಸಿ ಗಣಿತ ಗಟ್ಟಿಯಿದ್ದರೆ ಎಸ್‌ಎಟಿಯ ಗಣಿತ ನಿನಗೆ ಸುಲಭವೇ ಅನ್ನಿಸುತ್ತದೆ. ಇಂಗ್ಲಿಷ್ ಭಾಗಕ್ಕೆ ಮಾತ್ರ ದಿನಾ ಕೂರಬೇಕು. ಆದರೆ 1550 ಬಂತು ಅಂದರೆ ಬಾಗಿಲ ಹತ್ತಿರ ಬಂದೆ ಅಂತ ಲೆಕ್ಕ. ಒಳಗೆ ಬಂದೆ ಅಂತಲ್ಲ.

2024ರಲ್ಲಿ ಹಾರ್ವರ್ಡ್‌ಗೆ 54,008 ಜನ ಅರ್ಜಿ ಹಾಕಿದ್ದರು. ಕರೆದದ್ದು 1,937 ಜನರನ್ನು. ಎಂಐಟಿಗೆ ಅರ್ಜಿ ಹಾಕುವ ವಿದೇಶಿ ಮಕ್ಕಳಲ್ಲಿ ಸೀಟು ಸಿಗುವುದು ಇನ್ನೂ ಕಡಿಮೆ ಮಂದಿಗೆ, ನೂರಕ್ಕೆ ಇಬ್ಬರ ಆಸುಪಾಸು. ಅರ್ಜಿ ಹಾಕಿದವರಲ್ಲಿ ಬಹಳಷ್ಟು ಮಂದಿ ಅವರವರ ಶಾಲೆಗೆ ಮೊದಲಿಗರೇ.

ಹಾಗಾದರೆ ನೋಡುವುದು ಏನನ್ನು? ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ನಾಲ್ಕೂ ವರ್ಷದ ಅಂಕ. (ಒಂಬತ್ತನೇ ತರಗತಿಯ ಮಾರ್ಕ್ಸ್ ಕಾರ್ಡ್ ಅಟ್ಟದ ಮೇಲೆಲ್ಲೋ ಬಿದ್ದಿರುತ್ತದೆ, ಇವತ್ತೇ ಹುಡುಕಿಸು. ನನ್ನ ಏಳು ಮಕ್ಕಳಲ್ಲಿ ಮೂವರ ಮನೆಯಲ್ಲಿ ಇದಕ್ಕಾಗಿ ಪೆಟ್ಟಿಗೆಗಳೆಲ್ಲ ಉಲ್ಟಾ ಆದವು.) ಆಮೇಲೆ 650 ಪದದ ಒಂದು ಪ್ರಬಂಧ, ಇಬ್ಬರು ಉಪನ್ಯಾಸಕರ ಪತ್ರ, ಕಾಲೇಜಿನ ಕಡೆಯಿಂದ ಒಂದು ವರದಿ, ನೀನು ಕ್ಲಾಸಿನ ಹೊರಗೆ ಏನು ಮಾಡುತ್ತೀಯ ಎನ್ನುವ ಪಟ್ಟಿ. ಹೆಚ್ಚಿನ ಕಡೆಗೆಲ್ಲ ಕಾಮನ್ ಆ್ಯಪ್ ಎಂಬ ಒಂದೇ ಫಾರಂ, ಪ್ರತಿವರ್ಷ ಆಗಸ್ಟ್ 1ಕ್ಕೆ ತೆರೆಯುತ್ತದೆ. ಎಂಐಟಿಗೆ ಮಾತ್ರ ಅದರದ್ದೇ ಬೇರೆ.

ಕಾಲೇಜಿನ ವರದಿಯ ಜೊತೆ 'ಸ್ಕೂಲ್ ಪ್ರೊಫೈಲ್' ಎಂಬ ಒಂದು ಪುಟ ಹೋಗುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಇದು ತುಂಬಾ ಮುಖ್ಯ. ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಯಾವ ಕಾಂಬಿನೇಷನ್‌ಗಳಿವೆ, ಲ್ಯಾಬಿನಲ್ಲಿ ಏನಿದೆ ಏನಿಲ್ಲ, ಎಲ್ಲ ಅದರಲ್ಲಿ ಬರೆಯಬಹುದು. ಬೆಂಗಳೂರಿನ ಇಂಟರ್‌ನ್ಯಾಷನಲ್ ಶಾಲೆಯ ಹುಡುಗನ ಹತ್ತಿರ ಇರುವುದು ನಿನ್ನ ಹತ್ತಿರ ಇಲ್ಲ ಅಂತ ಅವರಿಗೆ ಗೊತ್ತಾಗುವುದು ಈ ಪುಟದಿಂದಲೇ. ಇದ್ದುದರಲ್ಲಿ ನೀನೇನು ಮಾಡಿದೆ ಅಂತ ಆಮೇಲೆ ನೋಡುತ್ತಾರೆ. ನಮ್ಮ ಪ್ರಾಂಶುಪಾಲರು ಬಹಳ ಮಂದಿ ಇಂಥದೊಂದು ಪುಟದ ಹೆಸರೇ ಕೇಳಿರುವುದಿಲ್ಲ. ನೀನೇ ಹೋಗಿ ವಿನಯದಿಂದ ಕೇಳಬೇಕು. ಪರೀಕ್ಷೆ ಸಮಯದಲ್ಲಿ ಹೋಗಬೇಡ, ಬೈಸಿಕೊಳ್ಳುತ್ತೀಯ.

ನಮಗೆ ಒಂದೂವರೆ ಎಕರೆ ಅಡಿಕೆ ತೋಟ. ಎರಡು ವರ್ಷದಿಂದ ಎಲೆಚುಕ್ಕಿ ರೋಗ ಬಂದು ಫಸಲು ಅರ್ಧಕ್ಕರ್ಧ. ಮಗಳು ಅಮೆರಿಕ ಅಮೆರಿಕ ಅಂತ ಕುಣಿಯುತ್ತಾಳೆ. ವರ್ಷಕ್ಕೆ 70 ಲಕ್ಷ ಬೇಕಂತೆ. ತೋಟ ಮಾರಿದರೂ ಸಾಲುವುದಿಲ್ಲ. ಅವಳಿಗೆ ಹೇಗೆ ಬುದ್ಧಿ ಹೇಳಲಿ?
— ಒಬ್ಬ ಅಪ್ಪ, ಶಿರಸಿ ತಾಲೂಕು

ತೋಟ ಮಾರುವ ಮಾತು ಬಿಡಿ. ಈ ತಿಂಗಳ ಪತ್ರಗಳಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ನೀವೇ. ಕಾಲೇಜಿನ ಪಟ್ಟಿ ಮಾಡುವ ಮೊದಲು ದುಡ್ಡಿನ ಮಾತು ಮುಗಿಯಬೇಕು. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ.

70 ಲಕ್ಷ ಎನ್ನುವುದು ಸುಳ್ಳಲ್ಲ. ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ, ವಸತಿ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ಆದರೆ ಅದು ಬೋರ್ಡಿನ ಮೇಲೆ ಬರೆದ ದರ. ಎಲ್ಲರೂ ಅಷ್ಟು ಕೊಡುವುದಿಲ್ಲ.

ಕೆಲವು ಕಡೆ ಹುಡುಗಿ ಹಣದ ಸಹಾಯ ಕೇಳಿದ್ದಾಳೋ ಇಲ್ಲವೋ ಎಂದು ನೋಡದೆ ಅರ್ಜಿ ಓದುತ್ತಾರೆ, ಇದಕ್ಕೆ ನೀಡ್-ಬ್ಲೈಂಡ್ ಅನ್ನುತ್ತಾರೆ. ಸೀಟು ಕೊಟ್ಟರೆ, ಮನೆಯಿಂದ ಎಷ್ಟು ಕೊಡಲು ಸಾಧ್ಯ ಎಂದು ಅವರೇ ಲೆಕ್ಕ ಹಾಕಿ, ಉಳಿದದ್ದನ್ನು ಪೂರ್ತಿ ತುಂಬಿಕೊಡುತ್ತಾರೆ. ಇದಕ್ಕೆ ನೀಡ್-ಬ್ಲೈಂಡ್ ಅನ್ನುತ್ತಾರೆ. ಅಮೆರಿಕದ ಮಕ್ಕಳಿಗೆ ಇದು ತುಂಬಾ ಕಡೆ ಇದೆ. ವಿದೇಶಿ ಮಕ್ಕಳಿಗೂ ಹೀಗೆ ಮಾಡುವವರು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, 2022ರಿಂದ ಡಾರ್ಟ್‌ಮತ್ ಮತ್ತು ಬೋಡಿನ್, ಈಚೆಗೆ ಬ್ರೌನ್, ಮತ್ತೆ ಒಂದೆರಡು. ಪ್ರಿನ್ಸ್‌ಟನ್ 2025ರಲ್ಲಿ, ವರ್ಷಕ್ಕೆ 1,50,000 ಡಾಲರ್‌ವರೆಗೆ ಆದಾಯ ಇರುವ ಹೆಚ್ಚಿನ ಮನೆಗಳಿಂದ ಏನೂ ತೆಗೆದುಕೊಳ್ಳುವುದಿಲ್ಲ ಎಂದಿತು. ನಮ್ಮ ಲೆಕ್ಕದಲ್ಲಿ ಅದು ಕೋಟಿಯ ಮೇಲೆ. ನಮ್ಮ ಸೀಮೆಯ ದೊಡ್ಡ ಹೆಗಡೇರ ಮನೆಯೂ ಅದರೊಳಗೇ ಬಂತು!

ಇನ್ನು ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಕಾರ್ನೆಲ್ ಥರದವು. ಅವೂ ಸೀಟು ಕೊಟ್ಟ ಮೇಲೆ ಪೂರ್ತಿ ಸಹಾಯ ಮಾಡುತ್ತವೆ. ಆದರೆ ವಿದೇಶಿ ಮಕ್ಕಳು ಹಣ ಕೇಳಿದ್ದಾರೆ ಎನ್ನುವುದನ್ನು ಆಯ್ಕೆಯ ಹೊತ್ತಿಗೇ ಲೆಕ್ಕಕ್ಕೆ ಹಿಡಿಯುತ್ತವೆ. ಇಂಥ ಕಡೆ ಕೆಲವರು ಒಂದು ಜಾಣತನ ಮಾಡುತ್ತಾರೆ: ಈಗ ಹಣ ಬೇಡ ಅಂತ ಹಾಕುವುದು, ಸೀಟು ಸಿಕ್ಕ ಮೇಲೆ ಕೇಳುವುದು. ದಯವಿಟ್ಟು ಬೇಡ. ಮೊದಲು ಕೇಳದೆ ಇದ್ದರೆ ಹೆಚ್ಚಿನ ಕಡೆ ಆಮೇಲೆ ಕೊಡುವುದೇ ಇಲ್ಲ. ಕೈಯಲ್ಲಿ ಸೀಟು ಹಿಡಿದುಕೊಂಡು ಮನೆಯಲ್ಲೇ ಕೂತ ಹುಡುಗನನ್ನು ನಾನು ನೋಡಿದ್ದೇನೆ.

ಈಗ ನಿಮ್ಮ ತೋಟ. ಸಹಾಯ ಕೇಳಲು ಹೆಚ್ಚಿನವರು ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೊಂದು ಫಾರಂ ತುಂಬಿಸುತ್ತಾರೆ. ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಕೇಳುತ್ತಾರೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲವಲ್ಲ, ನೀವು ರಿಟರ್ನ್ ಹಾಕಿಯೇ ಇರುವುದಿಲ್ಲ. ಹೆದರಬೇಡಿ. 'ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ರಿಟರ್ನ್ ಸಲ್ಲಿಸಿಲ್ಲ' ಎಂದು ಒಂದು ಪತ್ರ ಬರೆದು ಸಹಿ ಹಾಕಿ. ಜೊತೆಗೆ ತಹಶೀಲ್ದಾರ್ ಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಬ್ಯಾಂಕ್ ಪಾಸ್‌ಬುಕ್, ಸೊಸೈಟಿಯಲ್ಲಿ ಅಡಿಕೆ ಹಾಕಿದ ಪಟ್ಟಿ, ಎಲ್ಲದರ ಇಂಗ್ಲಿಷ್ ಅನುವಾದ. ಸೊಸೈಟಿಯ ಬೆಳೆಸಾಲ ಇದ್ದರೆ ಅದನ್ನೂ ತೋರಿಸಿ, ನಾಚಿಕೆ ಬೇಡ. ವಿಶೇಷ ಪರಿಸ್ಥಿತಿ ಬರೆಯಲು ಫಾರಂನಲ್ಲಿ ಒಂದು ಜಾಗ ಇದೆ. ಎಲೆಚುಕ್ಕಿ ರೋಗದ ವಿಷಯ ಅಲ್ಲಿಗೆ. ಹಿಂದಿನ ವರ್ಷ ಎಷ್ಟು ಕ್ವಿಂಟಲ್, ಈ ವರ್ಷ ಎಷ್ಟು ಕ್ವಿಂಟಲ್, ಅಷ್ಟು ಬರೆದರೆ ಸಾಕು. ಅಳುವುದು ಬೇಡ.

ನಾನು ಮೊದಲ ಸಲ ಈ ಫಾರಂ ತುಂಬಿಸುವಾಗ ಹುಡುಗಿಯ ಅಜ್ಜ ಪಕ್ಕದಲ್ಲಿ ಕೂತಿದ್ದರು. 'ಆಸ್ತಿ ಎಷ್ಟು' ಎನ್ನುವ ಕಾಲಂ ಬಂದಾಗ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದರು. ಹೊರಗೆ ಜಗುಲಿಯಲ್ಲಿ ದಾಯಾದಿಗಳು ಕವಳ ಹಾಕುತ್ತ ಕೂತಿದ್ದರು, ಪಾಪ.

ಕೈಯಿಂದ ಹೋಗುವ ಖರ್ಚೂ ಇದೆ. ಅರ್ಜಿ ಶುಲ್ಕ ಒಂದೊಂದಕ್ಕೆ 75ರಿಂದ 90 ಡಾಲರ್ ಆಸುಪಾಸು. ಕಷ್ಟ ಇದೆ ಎಂದು ಕೇಳಿದರೆ ಬಹಳ ಕಡೆ ಮನ್ನಾ ಮಾಡುತ್ತಾರೆ. ಸೀಟು ಸಿಕ್ಕರೆ ವೀಸಾಕ್ಕೆ 185 ಡಾಲರ್, ಸೆವಿಸ್ ಎಂಬ ನೋಂದಣಿಗೆ 350 ಡಾಲರ್. ಎರಡೂ ಸೇರಿ 45,000 ರೂಪಾಯಿ ದಾಟಿತು. ಪಾಸ್‌ಪೋರ್ಟ್ ಈಗಲೇ ಮಾಡಿಸಿ.

ಮಗಳಿಗೆ ಬುದ್ಧಿ ಹೇಳುವುದು ಬೇಡ. ಪೂರ್ತಿ ಸಹಾಯ ಕೊಡುವ ಕಡೆಗೆ ಮಾತ್ರ ಅರ್ಜಿ ಹಾಕು, ಇಲ್ಲಿನ ಸಿಇಟಿಯನ್ನೂ ಬರೆ ಎಂದು ಕರಾರು ಮಾಡಿಕೊಳ್ಳಿ.

ಪಿಯುಸಿ ಆದ ಮೇಲೆ ನೇರವಾಗಿ ಅಮೆರಿಕದಲ್ಲಿ ಎಂಬಿಬಿಎಸ್ ಮಾಡಬಹುದೇ?
— ಅಂಕೋಲಾ

ಇಲ್ಲ. ಅಲ್ಲಿ ಮೊದಲು 4 ವರ್ಷದ ಪದವಿ, ಆಮೇಲೆ 4 ವರ್ಷ ಮೆಡಿಕಲ್ ಸ್ಕೂಲ್. ಎಷ್ಟೋ ಮೆಡಿಕಲ್ ಸ್ಕೂಲ್‌ಗಳು ವಿದೇಶಿಯರನ್ನು ತೆಗೆದುಕೊಳ್ಳುವುದೂ ಇಲ್ಲ. ನೀಟ್‌ಗೆ ಓದಿ.

ಫಾರಂನಲ್ಲಿ ಹತ್ತು ಚಟುವಟಿಕೆ ಕೇಳಿದ್ದಾರೆ. ನನ್ನ ಹತ್ತಿರ ಒಂದೂ ಇಲ್ಲ. ಒಲಿಂಪಿಯಾಡ್ ಇಲ್ಲ, ಎನ್‌ಜಿಒ ಇಲ್ಲ, ಡಿಬೇಟ್ ಇಲ್ಲ. ಕಾಲೇಜು ಮುಗಿದರೆ ಮನೆ. ಅಮ್ಮ ಮೀನು ಮಾರುತ್ತಾಳೆ, ಅವಳ ಜೊತೆ ಕೆಲಸ. ತಮ್ಮನನ್ನು ನೋಡಿಕೊಳ್ಳಬೇಕು. ಸುಮ್ನೆ ಬಿಟ್ಟುಬಿಡಲಾ?
— ವಿದ್ಯಾರ್ಥಿನಿ, ಹೊನ್ನಾವರ

ನಿನ್ನ ಪತ್ರದಲ್ಲೇ ಎರಡು ಚಟುವಟಿಕೆ ಇವೆಯಲ್ಲೇ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಯ ಬಗೆ ಆರಿಸುವ ಪಟ್ಟಿ ತೆರೆದು ನೋಡು. ಸಂಗೀತ, ಕ್ರೀಡೆ, ವಿಜ್ಞಾನದ ಸಾಲಿನಲ್ಲೇ 'ಮನೆಯ ಜವಾಬ್ದಾರಿ' ಎಂದು ಒಂದು, 'ಸಂಬಳದ ಕೆಲಸ' ಎಂದು ಒಂದು ಇದೆ. ಹತ್ತೂ ತುಂಬಬೇಕು ಅಂತೇನೂ ಇಲ್ಲ. ನಾಲ್ಕೋ ಐದೋ ನಿಜವಾದದ್ದು ಇದ್ದರೆ ಸಾಕು.

ಒಂದೊಂದಕ್ಕೂ ಸಿಗುವ ಜಾಗ ಇಂಗ್ಲಿಷಿನ 150 ಅಕ್ಷರ. ಪದ ಅಲ್ಲ, ಅಕ್ಷರ. ನಡುವಿನ ಖಾಲಿ ಜಾಗವೂ ಅದರಲ್ಲೇ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಅಂತ ಬೇರೆ ಕೇಳುತ್ತಾರೆ. ಆದ್ದರಿಂದ 'ತಾಯಿಗೆ ಸಹಾಯ ಮಾಡುತ್ತೇನೆ' ಎಂದು ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತೀಯ? ಬಂದರಿನಲ್ಲಿ ಹರಾಜು ಕೂಗುವಾಗ ನೀನೂ ಇರುತ್ತೀಯಾ? ಬುಟ್ಟಿಗೆ ಎಷ್ಟು ಕೊಟ್ಟೆವು, ಎಷ್ಟಕ್ಕೆ ಮಾರಿದೆವು ಎನ್ನುವ ಲೆಕ್ಕ ಯಾರು ಬರೆಯುತ್ತಾರೆ? ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟು ಇಳಿಯುವುದಿಲ್ಲ. ಆ 61 ದಿನ ಮನೆ ನಡೆಯುವುದು ಹೇಗೆ? ಒಣಮೀನಾ? ಮೇ ತಿಂಗಳಲ್ಲೇ ಎಷ್ಟು ಒಣಗಿಸಿ ಇಡಬೇಕು ಅಂತ ನಿರ್ಧಾರ ಯಾರದ್ದು? ನಿನ್ನದಾಗಿದ್ದರೆ ಅದನ್ನು ಬರೆ. ಬೋಸ್ಟನ್ನಿನಲ್ಲಿ ಕೂತು ಆ ದಿನದ ನಲವತ್ತನೇ ಅರ್ಜಿ ಓದುತ್ತಿರುವವರು ಮಳೆಗಾಲದ ಬಂಗಡೆ ಲೆಕ್ಕ ಹಿಡಿದ ಹುಡುಗಿಯನ್ನು ಬೇಗ ಮರೆಯಲಿಕ್ಕಿಲ್ಲ.

ಈಗ ಅವಸರದಲ್ಲಿ ಒಂದು ಎನ್‌ಜಿಒ ಹುಟ್ಟುಹಾಕಿ ಬೀಚ್ ಕ್ಲೀನ್ ಮಾಡುವ ಫೋಟೊ ತೆಗೆಸಿಕೊಳ್ಳಬೇಡ. ಅಂಥ ಫೋಟೊ ಅವರ ಹತ್ತಿರ ಬೇಕಾದಷ್ಟು ಇವೆ.

ಹುಬ್ಬಳ್ಳಿಯ ಒಬ್ಬ ಏಜೆಂಟರು 3 ಲಕ್ಷಕ್ಕೆ ಟಾಪ್ 20ರಲ್ಲಿ ಸೀಟು ಗ್ಯಾರಂಟಿ ಅನ್ನುತ್ತಾರೆ. ಪ್ರಬಂಧವನ್ನೂ ಅವರೇ ಬರೆದುಕೊಡುತ್ತಾರಂತೆ. ನಂಬಬಹುದೇ?
— ಯಲ್ಲಾಪುರ

ಗ್ಯಾರಂಟಿ ಎನ್ನುವ ಶಬ್ದ ಕೇಳಿದ ಕೂಡಲೇ ಎದ್ದು ಬನ್ನಿ. ಹಾರ್ವರ್ಡ್‌ನವರೇ ಕೊಡದ ಗ್ಯಾರಂಟಿ ಇವರ ಹತ್ತಿರ ಎಲ್ಲಿಂದ ಬಂತು?

ಅಮೆರಿಕ ಸರ್ಕಾರದ್ದೇ ಎಜುಕೇಷನ್‌ಯುಎಸ್‌ಎ ಎಂಬ ವ್ಯವಸ್ಥೆ ಇದೆ. ಬೆಂಗಳೂರಿನಲ್ಲೂ ಕೇಂದ್ರ ಇದೆ. ಆನ್‌ಲೈನಿನಲ್ಲೂ ಮಾತಾಡುತ್ತಾರೆ. ಸಾಮಾನ್ಯ ಸಲಹೆಗೆ ದುಡ್ಡಿಲ್ಲ.

ಪ್ರಬಂಧದ ವಿಷಯ ಇನ್ನೂ ಗಂಭೀರ. ಇದು ನಾನೇ ಬರೆದದ್ದು ಎಂದು ಅರ್ಜಿಯ ಕೊನೆಗೆ ಸಹಿ ಹಾಕಬೇಕು. ಬೇರೆಯವರು ಬರೆದದ್ದನ್ನೂ ಎಐ ಬರೆದದ್ದನ್ನೂ ನಿಮ್ಮದು ಅಂತ ಕೊಡುವುದು ಕಾಮನ್ ಆ್ಯಪ್‌ನ ನಿಯಮದಲ್ಲಿ ಮೋಸ. ಒಬ್ಬ ಹುಡುಗ ಇಂಥದೇ ಒಂದು ಕೊಂಡ ಪ್ರಬಂಧ ತಂದು ತೋರಿಸಿದ್ದ. ಇಂಗ್ಲಿಷ್ ಬೆಣ್ಣೆಯ ಹಾಗಿತ್ತು. ಜೋಗ ಜಲಪಾತದ ಎದುರು ನಿಂತು ಜೀವನದ ಅರ್ಥ ತಿಳಿಯಿತು ಅಂತ ಬರೆದಿತ್ತು. 'ಜೋಗಕ್ಕೆ ಯಾವಾಗ ಹೋಗಿದ್ದೆ?' ಅಂತ ಕೇಳಿದೆ. 'ಇನ್ನೂ ಹೋಗಿಲ್ಲ ಮೇಡಂ' ಅಂದ! ಶಿರಸಿಯಿಂದ ಎರಡು ತಾಸಿನ ದಾರಿ. ಆಮೇಲೆ ಅವನೇ ಬರೆದ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವಾಗ ಅಜ್ಜಿಯ ಹತ್ತಿರ ವಾದ ಮಾಡಿ ಸೋತ ಕತೆ. ವ್ಯಾಕರಣ ಅಲ್ಲಲ್ಲಿ ಮುಗ್ಗರಿಸುತ್ತಿತ್ತು, ಅದನ್ನಷ್ಟು ಸರಿ ಮಾಡಿದೆವು. ಓದಿದರೆ ಆ ಹುಡುಗನೇ ಎದುರಿಗೆ ಕೂತು ಮಾತಾಡಿದ ಹಾಗಿತ್ತು.

'ಅರ್ಲಿ ಡಿಸಿಷನ್' ಹಾಕಿದರೆ ಸೀಟು ಸುಲಭವಂತೆ, ಹೌದಾ?
— ಕುಮಟಾ

ಅದು ಮಾತು ಕೊಟ್ಟ ಹಾಗೆ. ನವೆಂಬರ್ 1ರ ಹೊತ್ತಿಗೆ ಒಂದೇ ಕಡೆ ಹಾಕಬೇಕು. ಕರೆದರೆ ಉಳಿದದ್ದೆಲ್ಲ ಬಿಟ್ಟು ಅಲ್ಲಿಗೇ ಹೋಗಬೇಕು. ಕೊಡುವ ಸಹಾಯ ನಿಜಕ್ಕೂ ಸಾಲದಿದ್ದರೆ ಮಾತ್ರ ಬಿಡಿಸಿಕೊಳ್ಳಬಹುದು. 'ಅರ್ಲಿ ಆ್ಯಕ್ಷನ್' ಬೇರೆ, ಅದರಲ್ಲಿ ಈ ಕಟ್ಟು ಇಲ್ಲ. ಸಾಮಾನ್ಯ ಅರ್ಜಿಗೆ ಹೆಚ್ಚಿನ ಕಡೆ ಜನವರಿಯ ಮೊದಲ ವಾರ ಕೊನೆ. ಡಿಸೆಂಬರ್ 31ರ ರಾತ್ರಿವರೆಗೆ ಕಾಯಬೇಡಿ. ನಮ್ಮ ಕಡೆಯ ಕರೆಂಟು, ನೆಟ್‌ವರ್ಕು ನಿಮಗೆ ಗೊತ್ತೇ ಇದೆಯಲ್ಲ.

ನಾನು ಪಿಯು ಕಾಲೇಜಿನ ಉಪನ್ಯಾಸಕ. ವಿದ್ಯಾರ್ಥಿಯೊಬ್ಬ ಶಿಫಾರಸು ಪತ್ರ ಕೇಳಿದ್ದಾನೆ. ಒಳ್ಳೆಯ ಹುಡುಗ. ಏನು ಬರೆಯಬೇಕು, ಒಂದು ಮಾದರಿ ಕೊಡುತ್ತೀರಾ?
— ಸಿದ್ದಾಪುರ

ಮಾದರಿ ಕೊಡುವುದಿಲ್ಲ. ನಾನು ಮಾಡಿದ ತಪ್ಪು ಹೇಳುತ್ತೇನೆ.

ನನ್ನ ಹತ್ತಿರ ಮೊದಲು ಬಂದ ಹುಡುಗನಿಗೆ ನಾನು ಅಂದದ್ದು, 'ನೀನೇ ಬರೆದು ತಾ, ಸಹಿ ಹಾಕುತ್ತೇನೆ.' ನಮ್ಮಲ್ಲಿ ಎಲ್ಲರೂ ಹೀಗೇ ತಾನೆ ಮಾಡುವುದು? ಅವನು ಸಂಕೋಚದ ಹುಡುಗ. ತನ್ನನ್ನು ತಾನು ಹೊಗಳಿಕೊಳ್ಳಲು ಬರಲಿಲ್ಲ. ಬರೆದು ತಂದದ್ದು ಆರು ಸಾಲು: ವಿಧೇಯ, ಶ್ರಮಜೀವಿ, ನಡತೆ ಉತ್ತಮ, ಮುಂದಿನ ಜೀವನಕ್ಕೆ ಶುಭ ಹಾರೈಸುತ್ತೇನೆ. ಟಿಸಿಯ ಜೊತೆ ಕೊಡುವ ನಡತೆ ಪ್ರಮಾಣಪತ್ರ, ಅಷ್ಟೇ. ನಾನು ಓದಿ, ಕಣ್ಣು ಮುಚ್ಚಿ ಸಹಿ ಹಾಕಿದೆ. ಅವನಿಗೆ ಒಂದು ಕಡೆಯೂ ಸಿಗಲಿಲ್ಲ. ನನ್ನ ಪತ್ರದಿಂದಲೇ ಅಂತ ಯಾರೂ ಹೇಳಲಿಲ್ಲ. ಅಲ್ಲ ಅಂತ ನನಗೆ ನಾನೇ ಹೇಳಿಕೊಳ್ಳಲೂ ಆಗಿಲ್ಲ.

ಎರಡನೆಯವಳಿಗೆ ನಾನೇ ಕೂತು ಬರೆದೆ. ಲ್ಯಾಬಿನಲ್ಲಿ ದಾರಕ್ಕೆ ಗುಂಡು ಕಟ್ಟಿ ತೂಗಿಸಿ ಗುರುತ್ವದ ಬೆಲೆ (g) ಕಂಡುಹಿಡಿಯುವ ಸರಳ ಲೋಲಕದ ಪ್ರಯೋಗ ಮಾಡಿಸುತ್ತೇವಲ್ಲ. ಎಲ್ಲರ ರೆಕಾರ್ಡಿನಲ್ಲೂ ಉತ್ತರ 9.8. ಹಿಂದಿನ ವರ್ಷದವರ ರೆಕಾರ್ಡಿನಲ್ಲೂ 9.8, ಅದನ್ನು ನೋಡಿ ಬರೆದವರದ್ದೂ 9.8. ಇವಳದ್ದು ಮಾತ್ರ 9.6. 'ತಪ್ಪು ಬಂದಿದೆ, ತಿದ್ದಿ ತಾ' ಅಂದೆ. 'ನನಗೆ ಬಂದದ್ದು ಇದೇ ಮೇಡಂ, ಯಾಕೆ ಬಂತು ಅಂತ ನೋಡಲಾ?' ಅಂದಳು. ಎರಡು ಸಂಜೆ ಲ್ಯಾಬಿನಲ್ಲಿ ಉಳಿದಳು. ಅಟೆಂಡರ್ ಬೀಗದ ಕೈ ಹಿಡಿದು ಗೊಣಗುತ್ತ ನಿಂತಿದ್ದ. ಮೂರನೆಯ ದಿನ ಬಂದು ಹೇಳಿದಳು: ದಾರವನ್ನು ಕೊಕ್ಕೆಯವರೆಗೆ ಮಾತ್ರ ಅಳೆದಿದ್ದೆ, ಗುಂಡಿನ ನಡುವಿನವರೆಗೆ ಅಳೆಯಬೇಕಿತ್ತು. ಅರ್ಧ ಮೀಟರ್ ದಾರದಲ್ಲಿ ಒಂದು ಸೆಂಟಿಮೀಟರ್ ಬಿಟ್ಟುಹೋಗಿತ್ತು.

ಆ ಪತ್ರದಲ್ಲಿ ಇದೊಂದೇ ಸಂಗತಿ ಬರೆದೆ, ಒಂದು ಪುಟ. ಅಟೆಂಡರ್‌ನನ್ನೂ ಬಿಡಲಿಲ್ಲ. ವಿಧೇಯಳು ಅಂತ ಮಾತ್ರ ಬರೆಯಲಿಲ್ಲ, ಯಾಕೆಂದರೆ ಅವಳು ವಿಧೇಯಳಾಗಿರಲಿಲ್ಲ. ಹೋದ ತಿಂಗಳು ಒಂದು ಸಾಲಿನಲ್ಲಿ ಬಂದವಳು ಇವಳೇ.

ನಿಮ್ಮ ಹುಡುಗನ ಬಗ್ಗೆಯೂ ಇಂಥದೇನಾದರೂ ನೆನಪಿದ್ದರೆ ಬರೆಯಿರಿ. ಏನೂ ನೆನಪಾಗದಿದ್ದರೆ ಬೇರೆ ಉಪನ್ಯಾಸಕರನ್ನು ಕೇಳು ಎಂದು ನೇರವಾಗಿ ಹೇಳಿ, ಅದೂ ಒಂದು ಉಪಕಾರವೇ. ಕಾಲೇಜಿನ ಹೆಸರಿನ ಇಮೇಲ್ ಇದ್ದರೆ ಅದರಿಂದಲೇ ಕಳಿಸಿ. ಪತ್ರವನ್ನು ಓದುವ ಹಕ್ಕು ಬಿಟ್ಟುಕೊಡುತ್ತೀಯಾ ಎಂದು ಫಾರಂನಲ್ಲಿ ಹುಡುಗನಿಗೆ ಕೇಳುತ್ತಾರೆ. ಹೌದು ಅನ್ನಲಿ. ಆಗ ನಿಮ್ಮ ಮಾತಿಗೆ ತೂಕ ಜಾಸ್ತಿ.

ಮಗ ಒಂಬತ್ತು ಕಡೆ ಹಾಕಿದ್ದ. ಒಂಬತ್ತೂ ಕಡೆ ಇಲ್ಲ ಅಂತ ಬಂತು. ಮೂರು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಎಲ್ಲಿ ತಪ್ಪಾಯಿತು ಅಂತ ಅವರನ್ನು ಕೇಳಬಹುದೇ?
— ಒಬ್ಬ ತಾಯಿ, ಕುಮಟಾ ತಾಲೂಕು

ಕೇಳಬಹುದು. ಉತ್ತರ ಮಾತ್ರ ಸಿಗುವುದಿಲ್ಲ. ಅಷ್ಟು ಜನರಿಗೆ ಕಾರಣ ಹೇಳುತ್ತ ಕೂರಲು ಅವರಿಗೆ ಪುರುಸೊತ್ತಿಲ್ಲ. ಎಷ್ಟೋ ಸಲ ಹೇಳುವಂಥ ಕಾರಣವೂ ಇರುವುದಿಲ್ಲ. ಎಂಐಟಿಯ ಫಲಿತಾಂಶ ಮಾರ್ಚ್ 14ಕ್ಕೆ ಬರುತ್ತದೆ. ಅಮೆರಿಕದವರು ತಾರೀಕು ಬರೆಯುವ ರೀತಿಯಲ್ಲಿ 3.14, ಪೈ. ತಮಾಷೆ ಚೆನ್ನಾಗಿದೆ, ನಮ್ಮ ಮಕ್ಕಳಿಗೆ ಮಾತ್ರ ಅದು ಪಿಯುಸಿ ಪರೀಕ್ಷೆಯ ತಿಂಗಳು. ಹಾರ್ವರ್ಡ್, ಯೇಲ್ ಮುಂತಾದವು ಮಾರ್ಚ್ ಕೊನೆಗೆ. ಹಿಂದೆಯೇ ಏಪ್ರಿಲ್‌ನಲ್ಲಿ ಸಿಇಟಿ.

ಒಂದು ವರ್ಷ ಬಿಟ್ಟು ಮತ್ತೆ ಹಾಕಬಹುದು, ಅಡ್ಡಿಯಿಲ್ಲ. ನನ್ನ ಐವರಲ್ಲಿ ಒಬ್ಬ ಹಾಗೆ ಮಾಡಿದ. ಎರಡನೆಯ ಸಲವೂ ಸಿಗಲಿಲ್ಲ. ಈಗ ಸುರತ್ಕಲ್‌ನಲ್ಲಿ ಓದುತ್ತಿದ್ದಾನೆ, ರಜೆಯಲ್ಲಿ ಬಂದರೆ ನನ್ನ ಕಂಪ್ಯೂಟರ್ ರಿಪೇರಿ ಮಾಡಿಕೊಟ್ಟು ಹೋಗುತ್ತಾನೆ. ಪದವಿ ಮುಗಿಸಿ ಪಿಎಚ್‌ಡಿಗೆ ಹೋಗುವ ದಾರಿ ಬೇರೆಯೇ ಇದೆ, ಅಲ್ಲಿ ವಿಶ್ವವಿದ್ಯಾಲಯವೇ ಫೀಸು ಬಿಟ್ಟು ಮೇಲೆ ಸಂಬಳವನ್ನೂ ಕೊಡುವುದು ರೂಢಿ. ಅದನ್ನು ಇವತ್ತೇ ಅವನಿಗೆ ಹೇಳಬೇಡಿ, ಕಿವಿಗೆ ಹೋಗುವುದಿಲ್ಲ.

ಸಿಇಟಿ ಹಾಲ್ ಟಿಕೆಟ್ ಡೌನ್‌ಲೋಡ್ ಮಾಡಿದ್ದಾನಾ ನೋಡಿ. ಆಮೇಲೆ ಮಾವಿನಮಿಡಿ ಬೇಯಿಸಿ ಅಪ್ಪೆಹುಳಿ ಮಾಡಿ, ಇಂಗಿನ ಒಗ್ಗರಣೆ ಸ್ವಲ್ಪ ಜೋರಾಗಿಯೇ ಇರಲಿ. ಅನ್ನ ಬೇಡ ಅಂದವನೂ ಅದನ್ನು ಒಂದು ಲೋಟ ಕುಡಿಯುತ್ತಾನೆ. ಕುಡಿದ ಮೇಲೆ ನಿದ್ದೆಯೂ ಬರುತ್ತದೆ.